ಕುದ್ರುವಿನ ಲೆಕ್ಕದ ಪುಸ್ತಕ

ನಮ್ಮ ಆಫೀಸಿಗೆ ಹೊಸಬರು ಯಾರು ಸೇರಿದರೂ ಮೊದಲ ವಾರದಲ್ಲೇ ಒಂದು ಪ್ರಶ್ನೆ ಬರುತ್ತದೆ. "ಮೇಡಂ, ನೀವು ದ್ವೀಪದಲ್ಲಿ ಇರುವುದಂತೆ, ಹೌದಾ?" ಕೇಳುವಾಗ ಅವರ ಕಣ್ಣಲ್ಲಿ ಮಾಲ್ಡೀವ್ಸ್ ಕಾಣುತ್ತದೆ. ನಾನು ಹೌದು ಅನ್ನುತ್ತೇನೆ. ಮತ್ತೆ ಫೋನಲ್ಲಿ ಒಂದು ಫೋಟೋ ತೋರಿಸುತ್ತೇನೆ. ಕೆಂಪು ನೀರು, ನಾಲ್ಕು ತೆಂಗಿನ ಮರ, ತಗಡಿನ ಮಾಡಿನ ಒಂದು ಹಟ್ಟಿ, ಅದರ ಎದುರು ಬನಿಯನ್ನಲ್ಲಿ, ಕೈಯಲ್ಲೊಂದು ಅಳತೆಕೋಲು ಹಿಡಿದು ನಿಂತ ನನ್ನ ಗಂಡ. ಅಲ್ಲಿಗೆ ಮಾಲ್ಡೀವ್ಸ್ ಮುಗಿಯುತ್ತದೆ.

ನಮ್ಮ ಕಡೆ ಇದಕ್ಕೆ ದ್ವೀಪ ಅನ್ನುವುದಿಲ್ಲ, ಕುದ್ರು ಅನ್ನುತ್ತೇವೆ. ಬಂಟ್ವಾಳ ತಾಲೂಕಿನ ತುಂಬೆ ಅಣೆಕಟ್ಟು ದಾಟಿದ ಮೇಲೆ ನೇತ್ರಾವತಿ ಅಗಲವಾಗುತ್ತಾ ಹೋಗುತ್ತದೆ. ಅಲ್ಲೆಲ್ಲೋ ಹೊಳೆ ಎರಡಾಗಿ ಒಡೆದು ಮತ್ತೆ ಒಂದಾಗುವ ನಡುವೆ ಉಳಿದ ತುಂಡು ನೆಲ ನಮ್ಮದು. ಹನ್ನೊಂದು ಮನೆ. ಹೆಸರು ಬರೆಯುವುದಿಲ್ಲ, ಬರೆದರೆ ಭಾನುವಾರ ರೀಲ್ಸ್ ಮಾಡುವವರು ಬರುತ್ತಾರೆ, ಅವರನ್ನು ದಾಟಿಸುವಷ್ಟು ದೊಡ್ಡ ದೋಣಿ ನಮ್ಮಲ್ಲಿಲ್ಲ. ಇನ್ನೂ ಕೆಳಗೆ ಅಡ್ಯಾರಿನ ಎದುರಿಗಿರುವ ಪಾವೂರು-ಉಳಿಯದ ಸುದ್ದಿ ನೀವು ಓದಿರಬಹುದು. ಮಳೆಗಾಲ ಮುಗಿದ ಮೇಲೆ ಅಲ್ಲಿನವರೇ ಸೇರಿ ತಾತ್ಕಾಲಿಕ ಸೇತುವೆ ಕಟ್ಟಿಕೊಳ್ಳುತ್ತಾರೆ. ನಮ್ಮದೂ ಅದೇ ಕಥೆ, ಸಣ್ಣ ಅಳತೆಯಲ್ಲಿ. ಡಿಸೆಂಬರಿನಲ್ಲಿ ಕಂಬ ಊರಿ ಕಂಗಿನ ಸಲಾಕೆ ಹಾಸಿ ಕಾಲುಸಂಕ ಕಟ್ಟುತ್ತೇವೆ. ಪತ್ತನಾಜೆ ಕಳೆದು ಮೊದಲ ಮಳೆಯ ಹೊತ್ತಿಗೆ ಬಿಚ್ಚಿ ಮೇಲಿಡುತ್ತೇವೆ. ಉಳಿದ ಆರು ತಿಂಗಳು ದೋಣಿಯೇ.

ನಾನು ಮೂಡುಬಿದಿರೆಯ ಹುಡುಗಿ. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಅಂತ ಲೆಕ್ಕ ಹೇಳುವ ಊರು. ಅಷ್ಟು ಕೆರೆಯ ನಡುವೆ ಬೆಳೆದೂ ನನಗೆ ಈಜು ಬರುತ್ತಿರಲಿಲ್ಲ. 2018ರ ಡಿಸೆಂಬರಿನಲ್ಲಿ ಮದುವೆ ಆಯಿತು. ದಿಬ್ಬಣ ಬಂದದ್ದು ಕಾಲುಸಂಕದ ಮೇಲೆ. ಬೆಳ್ಳಿ ಅಂಚಿನ ಸೀರೆ ಎತ್ತಿ ಹಿಡಿದು, ಒಂದೊಂದೇ ಸಲಾಕೆ ನೋಡಿಕೊಂಡು ನಾನು ದಾಟುವಾಗ ಹಿಂದಿನಿಂದ ನನ್ನ ಚಿಕ್ಕಮ್ಮ, "ಇಲ್ಲಿಂದ ಮುನಿಸಿಕೊಂಡು ತವರಿಗೆ ಓಡುವುದೂ ಕಷ್ಟ ಮಾರಾಯ್ತಿ" ಅಂದರು. ಎಲ್ಲರೂ ನಕ್ಕರು. ಅದು ಎಷ್ಟು ನಿಜ ಅಂತ ಜೂನಿನಲ್ಲಿ ಗೊತ್ತಾಯಿತು. ಸಂಜೆ ಏಳೂವರೆಯ ಮೇಲೆ ದೋಣಿ ಇಲ್ಲ. ಜಗಳ ಆದರೂ ಇಲ್ಲೇ ಇರಬೇಕು, ಹೆಚ್ಚೆಂದರೆ ಹಟ್ಟಿಯ ಹತ್ತಿರ ಹೋಗಿ ದನದ ಮುಖ ನೋಡಬಹುದು.

ಹೊತ್ತು ಹೋಗದ್ದಕ್ಕೇ ನಮ್ಮ ಹವ್ಯಾಸಗಳೆಲ್ಲ ಹುಟ್ಟಿದ್ದು ಅಂತ ನನ್ನ ಅಂದಾಜು. ಸಂಜೆ ಮಾಲ್‌ಗೆ ಹೋಗುವ ಅಂದರೆ ಆಗುವುದಿಲ್ಲ, ಸ್ವಿಗ್ಗಿಯವನು ಹೊಳೆಯ ಆಚೆ ದಡದಲ್ಲಿ ನಿಂತು ಫೋನ್ ಮಾಡುತ್ತಾನೆ. ನೆಟ್‌ವರ್ಕ್ ಇರುವುದು ಬಾವಿಕಟ್ಟೆಯ ಮೇಲೆ ಮಾತ್ರ, ಸೀರಿಯಲ್ ನೋಡಬೇಕಾದರೂ ಸೊಳ್ಳೆ ಕಚ್ಚಿಸಿಕೊಂಡೇ ನೋಡಬೇಕು. ಆಗ ಮನುಷ್ಯ ಏನು ಮಾಡುತ್ತಾನೆ? ನಾನು ಮೊದಲ ವರ್ಷ ಈಜು ಕಲಿತೆ. ಏಪ್ರಿಲ್‌ನಲ್ಲಿ ನೀರು ಸೊಂಟದ ಮಟ್ಟಕ್ಕಿರುವಾಗ, ಒಣಗಿದ ಎರಡು ತೆಂಗಿನಕಾಯಿ ಕಟ್ಟಿಕೊಂಡು. ಕಲಿಸಿದ್ದು ಗಂಡ ಅಲ್ಲ, ಅತ್ತೆ. ಐವತ್ತೆಂಟು ವರ್ಷದ ಅತ್ತೆ ನೈಟಿಯ ಮೇಲೆ ಟವೆಲ್ ಬಿಗಿದು ನೀರಿಗಿಳಿದರೆ ನೀರುಕಾಗೆಯ ಹಾಗೆ. "ಹೆದರಿಕೆ ಮುಳುಗಿಸುದು, ನೀರಲ್ಲ" ಅನ್ನುತ್ತಾ ನನ್ನ ಗಲ್ಲ ಎತ್ತಿ ಹಿಡಿಯುತ್ತಿದ್ದರು.

ಮರುವಾಯಿ ಹೆಕ್ಕುವುದು ಇನ್ನೊಂದು. ಬೇಸಿಗೆಯಲ್ಲಿ ಅಣೆಕಟ್ಟಿನ ಬಾಗಿಲು ಮುಚ್ಚಿರುವಾಗ ಸಮುದ್ರದ ಉಬ್ಬರ ನಮ್ಮಲ್ಲಿಯವರೆಗೆ ಬರುತ್ತದೆ. ಬಾವಿಯ ನೀರೂ ಸ್ವಲ್ಪ ಚಪ್ಪೆ-ಉಪ್ಪು ಆಗುತ್ತದೆ. ಇಳಿತದ ಹೊತ್ತಿಗೆ ಹೊಯ್ಗೆಯಲ್ಲಿ ಕಾಲಿನ ಹೆಬ್ಬೆರಳು ಊರಿ ತಿರುಗಿಸಿದರೆ ಚಿಪ್ಪು ತಾಗುತ್ತದೆ. ಒಂದು ಗಂಟೆಗೆ ಒಂದು ಬುಟ್ಟಿ. ರಾತ್ರಿ ಮರುವಾಯಿ ಪುಂಡಿ. ಇದನ್ನು ಹವ್ಯಾಸ ಅನ್ನಬೇಕೋ ಅಡುಗೆ ಅನ್ನಬೇಕೋ ನನಗೆ ಗೊತ್ತಿಲ್ಲ. ಮಳೆಗಾಲ ಮುಗಿದ ಮೇಲೆ ಹೊಳೆ ಬಿಟ್ಟುಹೋದ ಮೆಕ್ಕಲು ಮಣ್ಣಿನಲ್ಲಿ ಅಲಸಂಡೆ, ಸೌತೆ, ಹರಿವೆ ಹಾಕುತ್ತೇವೆ. ಗೊಬ್ಬರ ಬೇಡ, ಬಿತ್ತಿದರೆ ಸಾಕು. ಆಫೀಸಿಗೆ ಒಂದು ಚೀಲ ಅಲಸಂಡೆ ತಂದ ದಿನ ನನ್ನ ರಜೆ ಅರ್ಜಿಗೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಯಕ್ಷಗಾನದ ಹುಚ್ಚು ಇಬ್ಬರಿಗೂ ಉಂಟು. ಮೊದಲೆಲ್ಲ ನಮಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಸಂಜೆ ಕೊನೆಯ ದೋಣಿಯಲ್ಲಿ ಹೋಗುವುದು, ಬೆಳಗ್ಗೆ ಮಂಗಳ ಆದ ಮೇಲೆ ಮೊದಲ ದೋಣಿಯಲ್ಲಿ ಬರುವುದು. ಈಗ ಹಲವು ಮೇಳಗಳು ಕಾಲಮಿತಿಗೆ ಬಂದಿವೆ. ಉಳಿದವರಿಗೆಲ್ಲ ಅನುಕೂಲ, ಮಧ್ಯರಾತ್ರಿ ಮನೆಗೆ ಹೋಗಿ ಮಲಗುತ್ತಾರೆ. ನಾವು ಮಾತ್ರ ಖಾಲಿ ಕುರ್ಚಿಗಳ ನಡುವೆ ಕೂತು ಬೆಳಗಾಗುವುದನ್ನು ಕಾಯಬೇಕು. ಪುಣ್ಯಕ್ಕೆ ಮೇಳದ ತಿರುಗಾಟ ಇರುವ ತಿಂಗಳುಗಳಲ್ಲೇ ಹೆಚ್ಚಾಗಿ ಕಾಲುಸಂಕವೂ ಇರುತ್ತದೆ. ಆದರೆ ಟಾರ್ಚ್ ಹಿಡಿದು ರಾತ್ರಿ ಒಂದು ಗಂಟೆಗೆ ಸಂಕ ದಾಟುವಾಗ, ಎದುರಿನಿಂದ ಮಹಿಷಾಸುರ ಬಂದರೂ ನಾನು ಅಷ್ಟು ಹೆದರಲಿಕ್ಕಿಲ್ಲ.

ಇದೆಲ್ಲ ಇಬ್ಬರದೂ. ಇವರೊಬ್ಬರದೇ ಅಂತ ಒಂದು ಹವ್ಯಾಸ ಉಂಟು, ಈ ಸಲ ಬರೆಯಬೇಕು ಅಂತ ಕೂತದ್ದು ಅದರ ಬಗ್ಗೆ.

ಇವರು ಅಳೆಯುತ್ತಾರೆ.

ಶಾಲೆಯಲ್ಲಿ ವಿಜ್ಞಾನ ಮೇಷ್ಟ್ರು, ಸಿದ್ದಕಟ್ಟೆಯ ಕಡೆ. ಅಂಗಳದ ನಡುವೆ, ಮೇಲೆ ಯಾವ ಮರದ ಗೆಲ್ಲೂ ಇಲ್ಲದಲ್ಲಿ, ಒಂದು ಕಂಬದ ಮೇಲೆ ನೆಟ್ಟಗಿನ ಗೋಡೆಯ ಸ್ಟೀಲ್ ಡಬ್ಬಿ ಇಟ್ಟಿದ್ದಾರೆ. ಅದು ಮಳೆಮಾಪಕ. ಬೆಳಗ್ಗೆ ಎಂಟೂವರೆಗೆ ಸ್ಕೇಲ್ ಇಳಿಸಿ ನೋಡುವುದು, ಹವಾಮಾನ ಇಲಾಖೆಯವರು ದಿನದ ಮಳೆ ಲೆಕ್ಕ ಹಾಕುವುದೂ ಅದೇ ಹೊತ್ತಿಗೆ. ಶಾಲೆ ಇರುವ ದಿನ ಇವರು ಏಳೂವರೆಗೇ ದೋಣಿ ಹತ್ತಬೇಕು, ಹಾಗಾಗಿ ಎಂಟೂವರೆಯ ಕೆಲಸ ಮಾವನಿಗೆ. ಮೊದಲ ದಿನ ನಾನು ಕೇಳಿದ್ದೆ, "ದೊಡ್ಡ ಬಾಯಿಯ ಪಾತ್ರೆ ಇಟ್ಟರೆ ಹೆಚ್ಚು ಮಳೆ ಸಿಗುದಿಲ್ವಾ?" ಅಂತ. ಇವರು ಹತ್ತು ನಿಮಿಷ ಪಾಠ ಮಾಡಿದರು. ಬಾಯಿ ಮತ್ತು ತಳ ಒಂದೇ ಅಗಲ ಇದ್ದರೆ ಡಬ್ಬಿ ಎಷ್ಟು ದೊಡ್ಡದಾದರೂ ನೀರು ನಿಲ್ಲುವ ಎತ್ತರ ಒಂದೇ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಬೀಳುತ್ತದೆ. ಅಂದರೆ ನೀವು ಚಾಪೆ ಹಾಸಿ ಮಲಗುವಷ್ಟು ಜಾಗದ ಮೇಲೆ ವರ್ಷಕ್ಕೆ ಹತ್ತಿರ ಹತ್ತಿರ ಒಂದು ಟ್ಯಾಂಕರ್ ನೀರು. ಮದುವೆಯ ಹೊಸದರಲ್ಲಿ ಹೆಂಡತಿಯ ಹತ್ತಿರ ಮಾತಾಡಲಿಕ್ಕೆ ಇವರಿಗೆ ಸಿಕ್ಕಿದ ವಿಷಯ ಇದು ಮಾರಾಯ್ರೆ.

ಮಳೆ ಅಷ್ಟೇ ಅಲ್ಲ. ದೋಣಿ ಕಟ್ಟುವಲ್ಲಿಯ ತೆಂಗಿನ ಮರಕ್ಕೆ ಬಿಳಿ ಪೈಂಟಿನಲ್ಲಿ ಗೆರೆ ಎಳೆದು ಹೊಳೆಯ ನೀರು ಎಲ್ಲಿಗೆ ಬಂತು ಅಂತ ಬರೆಯುತ್ತಾರೆ. ದೀಪಾವಳಿ ಕಳೆದ ಮಾರನೇ ದಿನ ಅದೇ ಮರದಿಂದ ದಡದ ಅಂಚಿನವರೆಗೆ ಟೇಪ್ ಹಿಡಿಯುತ್ತಾರೆ. ಎಲ್ಲವೂ ಉದ್ದನೆಯ ರಟ್ಟಿನ ಲೆಕ್ಕದ ಪುಸ್ತಕದಲ್ಲಿ. 2013ರಿಂದ ನಾಲ್ಕು ಪುಸ್ತಕ ತುಂಬಿದೆ. ನಾನು ಬಿ.ಸಿ.ರೋಡಿನಲ್ಲಿ ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಿನಲ್ಲಿ ಇಡೀ ದಿನ ಲೆಕ್ಕ ಬರೆದು ಬಂದರೆ ಮನೆಯಲ್ಲೂ ಲೆಕ್ಕದ ಪುಸ್ತಕ! "ಇದಕ್ಕೆ ಜಿಎಸ್‌ಟಿ ರಿಟರ್ನ್ ಯಾವಾಗ ಹಾಕುದು?" ಅಂತ ತಮಾಷೆ ಮಾಡುತ್ತಿದ್ದೆ.

ತಮಾಷೆ ನಿಂತದ್ದು 2019ರ ಆಗಸ್ಟ್ 9ಕ್ಕೆ.

ಮದುವೆಯ ಮೊದಲ ವರ್ಷ ಆಟಿಗೆ ಹೆಣ್ಣು ತವರಿಗೆ ಹೋಗುವುದು ನಮ್ಮಲ್ಲಿ ಕ್ರಮ. ಹೋಗಿದ್ದೆ, ಆಫೀಸಿನ ಕೆಲಸ ಅಂತ ಒಂದೇ ವಾರಕ್ಕೆ ವಾಪಸ್ ಬಂದಿದ್ದೆ. ಆವತ್ತು ಮಧ್ಯಾಹ್ನ ಇವರ ಅಕ್ಕನ ಫೋನ್ ಬಂತು. ಅವರನ್ನು ಕೊಟ್ಟದ್ದು ಬೆಳ್ತಂಗಡಿ ತಾಲೂಕಿಗೆ, ಮುಂಡಾಜೆಯ ಹತ್ತಿರ. ಚಾರ್ಮಾಡಿ ಘಾಟಿಯ ಕಡೆಯಿಂದ ಬರುವ ನೀರು ಅವರ ತೋಟದ ಬದಿಯಲ್ಲೇ ಹೋಗುತ್ತದೆ. ಅಕ್ಕನ ಸ್ವರ ಬೇರೆಯೇ ಇತ್ತು. "ತಮ್ಮಾ, ಹೊಳೆಯಲ್ಲಿ ಬುಡ ಸಮೇತ ಮರ ಬರ್ತಾ ಉಂಟು. ನೀರು ಕೆಂಪಲ್ಲ, ಕೆಸರು. ನಾವು ಮೇಲಿನ ಮನೆಗೆ ಹೋಗ್ತಾ ಇದ್ದೇವೆ."

ನಮ್ಮಲ್ಲಿ ಆಗ ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು, ಹೊಳೆ ತುಂಬಿದ್ದರೂ ಹೆದರಿಕೆ ಹುಟ್ಟಿಸುವಷ್ಟಲ್ಲ. ಮಾವ ಪೇಪರ್ ಓದುತ್ತಿದ್ದರು. ಇವರು ಪುಸ್ತಕ ತೆಗೆದು ಹಿಂದಿನ ವರ್ಷಗಳ ಹಾಳೆ ತಿರುಗಿಸಿದರು. ಅಕ್ಕನ ಮನೆಯ ಹತ್ತಿರ ನೀರು ಏರಿದ ಹೊತ್ತು, ನಮ್ಮ ಮರದ ಗೆರೆಗೆ ಬಂದ ಹೊತ್ತು, ಎರಡನ್ನೂ ಅಕ್ಕಪಕ್ಕ ಬರೆದಿಟ್ಟಿದ್ದರು. ಇವರ ಲೆಕ್ಕದಲ್ಲಿ ನಡುವೆ ಏಳೆಂಟು ಗಂಟೆ. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ಬಂದು ಸೇರುತ್ತದೆ, ಅದೂ ತುಂಬಿದ್ದರೆ ಇನ್ನೂ ಹೆಚ್ಚು. "ಐದು ಗಂಟೆಯ ಒಳಗೆ ದಾಟುವ" ಅಂದರು. ಮಾವ ಒಪ್ಪಲಿಲ್ಲ. 1923ರ ಮಾರಿಬೊಳ್ಳದ ಕಥೆ, 1974ರಲ್ಲಿ ಹಳೇ ಮಣ್ಣಿನ ಮನೆ ಕರಗಿದ ಕಥೆ, ಎಲ್ಲ ಹೇಳಿ, "ಇದೆಲ್ಲ ಅಷ್ಟಲ್ಲ" ಅಂದರು. ಇವರು ವಾದ ಮಾಡಲಿಲ್ಲ. ಮಾವನನ್ನು ತೆಂಗಿನ ಮರದ ಹತ್ತಿರ ಕರೆದುಕೊಂಡು ಹೋಗಿ ಅರ್ಧ ಗಂಟೆ ಸುಮ್ಮನೆ ನಿಲ್ಲಿಸಿದರು. ಆ ಅರ್ಧ ಗಂಟೆಯಲ್ಲಿ ನೀರು ಒಂದು ಗೇಣು ಏರಿತು. ಮಾವ ಬಂದು, "ದನ ಬಿಚ್ಚು" ಅಂದರು.

ಹನ್ನೊಂದು ಮನೆಯವರೂ ಕತ್ತಲಾಗುವ ಮೊದಲು ದಾಟಿದೆವು. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್, ಆ ರಾತ್ರಿ ಹೊಳೆ ಅದನ್ನು ಎಲ್ಲೋ ಕೆಳಗೆ ಬಿಟ್ಟು ಹೋಗಿತ್ತು. ಪೇಟೆಯ ತಗ್ಗಿನ ಮನೆ-ಅಂಗಡಿಗಳಿಗೂ ನೀರು ನುಗ್ಗಿತು. ಬೆಳ್ತಂಗಡಿಯ ಕಡೆಯಂತೂ ಗುಡ್ಡಗಳೇ ಜಾರಿ, ತೋಟಗಳ ಮೇಲೆ ಕಲ್ಲು-ಹೊಯ್ಗೆ ಬಂದು ಕೂತಿತ್ತು. ಅಕ್ಕನವರ ಅರ್ಧ ತೋಟ ಇವತ್ತಿಗೂ ಹೊಯ್ಗೆಯ ಅಡಿಯಲ್ಲಿ ಉಂಟು. ಐದನೇ ದಿನ ನಾವು ವಾಪಸ್ ಬಂದಾಗ ಅಡುಗೆಕೋಣೆಯ ಗೋಡೆಯಲ್ಲಿ ಸೊಂಟದ ಎತ್ತರಕ್ಕೆ ಕೆಸರಿನ ಗೆರೆ. ಇವರು ಮೊದಲು ಮಾಡಿದ ಕೆಲಸ ಎಂತ ಗೊತ್ತಾ? ಟೇಪ್ ಹುಡುಕಿದ್ದು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಆಮೇಲೆ ನಾನೇ ಟೇಪಿನ ಇನ್ನೊಂದು ತುದಿ ಹಿಡಿದೆ. ಅಲ್ಲಿಂದ ಹವ್ಯಾಸ ಇಬ್ಬರದಾಯಿತು, ಎಂಟೂವರೆಯ ಡಬ್ಬಿಯೂ ಹೆಚ್ಚಿನ ದಿನ ನನ್ನ ಪಾಲಿಗೆ ಬಂತು.

ಈಗ ಈ ವರ್ಷದ ಮಾತು. ಆರು ವರ್ಷ ಕಾದ ಮೇಲೆ ನಾನು ಗರ್ಭಿಣಿ. ಆರು ವರ್ಷದಲ್ಲಿ ಯಾರು ಯಾರು ಎಂತೆಂತ ಕೇಳಿದರು ಅಂತ ಬರೆದರೆ ಈ ಅಂಕಣ ಸಾಕಾಗುವುದಿಲ್ಲ, ಬಿಡಿ. ಡಾಕ್ಟರ್ ಕೊಟ್ಟ ತಾರೀಕು ಸರಿಯಾಗಿ ಆಟಿಯ ನಡುವೆ ಬೀಳುತ್ತದೆ. ಹೊಳೆ ತುಂಬಿ ಹರಿಯುವ ಹೊತ್ತು. ಮೊದಲ ಹೆರಿಗೆ ತವರಿನಲ್ಲಿ ಅನ್ನುವುದು ಹೇಗೂ ಇದ್ದದ್ದೇ, ಹಾಗಾಗಿ ಮೂಡುಬಿದಿರೆಗೆ ಹೋಗುವುದರಲ್ಲಿ ಚರ್ಚೆ ಇರಲಿಲ್ಲ. ಚರ್ಚೆ ಇದ್ದದ್ದು ಆಮೇಲಿನದಕ್ಕೆ. ಬಾಣಂತನ ಮುಗಿಸಿ ಮೂರು ತಿಂಗಳ ಮಗುವನ್ನು ಎತ್ತಿಕೊಂಡು ಬರುವಾಗ ಸಂಕ ಕಟ್ಟಿರುವುದಿಲ್ಲ. ರಾತ್ರಿ ಜ್ವರ ಬಂದರೆ? ನನ್ನ ಅಮ್ಮ ಬಿ.ಸಿ.ರೋಡಿನಲ್ಲಿ ಬಾಡಿಗೆ ಮನೆ ನೋಡಿ ಅಂತ ಫೋನ್ ಮಾಡಿದಾಗೆಲ್ಲ ಹೇಳುತ್ತಿದ್ದರು. ನಾನೇ, "ಅತ್ತೆ ಇಬ್ಬರು ಮಕ್ಕಳನ್ನು ಸಾಕಲಿಲ್ವಾ ಇಲ್ಲಿ?" ಅಂತ ವಾದ ಮಾಡುತ್ತಿದ್ದೆ. ನಿಜ ಹೇಳುತ್ತೇನೆ, ಈ ಜಾಗ ಬಿಡುವ ಮನಸ್ಸು ನನಗೆ ಇರಲಿಲ್ಲ. ಬೆಳಗ್ಗೆ ಎದ್ದರೆ ಹೊಳೆಯ ಮೇಲೆ ಮಂಜು, ಮಿಂಚುಳ್ಳಿ ಕೂಗು, ಒಂದು ಸಲ ಮೂರು ನೀರುನಾಯಿಗಳು ಸಾಲಾಗಿ ಈಜಿಕೊಂಡು ಹೋದದ್ದು. ಫ್ಲಾಟಿನ ಬಾಲ್ಕನಿಯಲ್ಲಿ ಎಂತ ಕಾಣುವುದು, ಎದುರಿನ ಫ್ಲಾಟಿನ ಬಾಲ್ಕನಿ.

ಏಪ್ರಿಲ್‌ನಲ್ಲಿ ಆಫೀಸಿನ ಗಡಿಬಿಡಿ ಕಡಿಮೆ ಆದ ಮೇಲೆ ನಾನು ಒಂದು ಕೆಲಸ ಹಿಡಿದೆ. ಇವರ ನಾಲ್ಕು ಪುಸ್ತಕವನ್ನೂ ಎಕ್ಸೆಲ್‌ಗೆ ಹಾಕುವುದು. ಇವರ ಹುಟ್ಟುಹಬ್ಬಕ್ಕೆ ಪ್ರಿಂಟ್ ತೆಗೆದು ಕೊಡುವ ಅಂತ. ಸಂಜೆ ಹೊತ್ತು ಕಾಲು ಚಾಚಿ ಕೂತು ಒಂದೊಂದೇ ಸಾಲು ಟೈಪ್ ಮಾಡಿದೆ. ಮಳೆಯದು ಮುಗಿಯಿತು, ನೀರಿನ ಗೆರೆಯದು ಮುಗಿಯಿತು. ಕೊನೆಗೆ ದೀಪಾವಳಿಯ ಟೇಪಿನ ಲೆಕ್ಕ. ವರ್ಷಕ್ಕೆ ಒಂದೇ ಅಂಕಿ, ಪುಸ್ತಕದಲ್ಲಿ ದೂರ ದೂರ ಚದುರಿ ಇತ್ತು, ನಾನೇ ಟೇಪ್ ಹಿಡಿದ ವರ್ಷಗಳದ್ದೂ ಸೇರಿ. ಒಂದರ ಕೆಳಗೆ ಒಂದು ಬಂದಾಗಲೇ ನನಗೆ ಕಂಡದ್ದು.

2013ರಲ್ಲಿ ಮರದಿಂದ ದಡಕ್ಕೆ 41 ಅಡಿ. 2018ರಲ್ಲಿ 33. 2019ರ ನೆರೆಯ ನಂತರ 24. ಕಳೆದ ದೀಪಾವಳಿಗೆ 17.

ಮರದಿಂದ ನಮ್ಮ ಜಗಲಿಗೆ ಮೂವತ್ತು ಅಡಿ.

ನಮ್ಮ ಕುದ್ರುವಿಗೆ ಮಾತ್ರ ಹೀಗಲ್ಲ. ಹೊಳೆಯ ತಳದಿಂದ ಹೊಯ್ಗೆ ತೆಗೆದರೆ ದಡದ ಬುಡಕ್ಕೆ ಆಧಾರ ತಪ್ಪುತ್ತದೆ, ಮುಂದಿನ ನೆರೆಗೆ ಮೇಲಿನ ಮಣ್ಣು ತುಂಡು ತುಂಡಾಗಿ ಜಾರುತ್ತದೆ. ಮೇಲಿಂದ ಹೊಸ ಹೊಯ್ಗೆ ಬಂದು ತುಂಬಬೇಕಾದ್ದರಲ್ಲೂ ಒಂದು ಪಾಲು ಅಣೆಕಟ್ಟಿನ ಹಿಂದೆ ನಿಲ್ಲುತ್ತದೆ. ಪಾವೂರು-ಉಳಿಯದವರು ಇದೇ ಕಾರಣಕ್ಕೆ ಎಷ್ಟು ಸಲ ಪ್ರತಿಭಟನೆ ಮಾಡಿದ್ದಾರೆ. ನಮ್ಮಲ್ಲೂ ರಾತ್ರಿ ಎರಡು ಗಂಟೆಗೆ ದೋಣಿಗಳ ಸದ್ದು ಕೇಳುತ್ತದೆ. ಟಾರ್ಚ್ ಬಿಟ್ಟರೆ ಸದ್ದು ನಿಲ್ಲುತ್ತದೆ, ಟಾರ್ಚ್ ಆರಿಸಿದರೆ ಮತ್ತೆ ಶುರು. ಆ ಹೊಯ್ಗೆಯಲ್ಲೇ ಪೇಟೆಯಲ್ಲಿ ಫ್ಲಾಟ್ ಏಳುವುದು ಅಂತ ಯೋಚನೆ ಬಂದು ನನಗೆ ಆ ದಿನ ಊಟ ಸೇರಲಿಲ್ಲ.

ರಾತ್ರಿ ಲ್ಯಾಪ್‌ಟಾಪ್ ತಿರುಗಿಸಿ ಇವರಿಗೆ ತೋರಿಸಿದೆ. "ಇದು ನೋಡಿದ್ದೀರಾ?"

"ನಂಗೆ ಗೊತ್ತುಂಟು" ಅಂದರು.

"ಮತ್ತೆ ಹೇಳ್ಲಿಲ್ಲ ಯಾಕೆ?"

"ಬರೆದಿದ್ದೇನಲ್ಲ."

ಇದಕ್ಕಿಂತ ದೊಡ್ಡ ಜಗಳ ನಮ್ಮಲ್ಲಿ ಆಗಿಲ್ಲ. ಜಗಳ ಅಂದರೆ ನಾನೊಬ್ಬಳೇ ಮಾತಾಡಿದ್ದು. ಲೆಕ್ಕ ಬರೆದರೆ ಸಾಕಾ, ಓದುವುದು ಬೇಡವಾ, ಹೊಟ್ಟೆಯಲ್ಲಿರುವ ಮಗುವಿಗೂ ಟೇಪ್ ಹಿಡಿದು ಕೂರುತ್ತೀರಾ ಅಂತೆಲ್ಲ ಹೇಳಿದೆ. ಇವರು ಎದ್ದು ಹೋಗಿ ದಡದಲ್ಲಿ ನಿಂತರು. ಎಷ್ಟೋ ಹೊತ್ತಾದ ಮೇಲೆ ಬಂದು, "ಬರೆಯುವಾಗ ಅದು ಬರೀ ಅಂಕಿ ಹಾಗೆ ಕಾಣ್ತದೆ. ಬಾಯಲ್ಲಿ ಹೇಳಿದ್ರೆ ನಿಜ ಆಗ್ತದೆ ಅಂತ ಹೆದರಿಕೆ" ಅಂದರು. ನನಗೂ ಹೇಳಲಿಕ್ಕೆ ಎಂತದೂ ಉಳಿಯಲಿಲ್ಲ. ಒಂದು ತುದಿ ಹಿಡಿದವಳು ನಾನೇ ಅಲ್ವಾ, ನನಗೂ ಕಾಣಬೇಕಿತ್ತು.

ಈಗ ಬಿ.ಸಿ.ರೋಡಿನಲ್ಲಿ, ನೆರೆ ಮುಟ್ಟದ ಎತ್ತರದಲ್ಲಿ, ಎರಡು ಕೋಣೆಯ ಮನೆಗೆ ಅಡ್ವಾನ್ಸ್ ಕೊಟ್ಟಿದ್ದೇವೆ. ಅಕ್ಟೋಬರಿನಿಂದ. ಅತ್ತೆ-ಮಾವ ಬರುವುದಿಲ್ಲ. "ದನಕ್ಕೆ ಫ್ಲಾಟಲ್ಲಿ ಜಾಗ ಉಂಟಾ?" ಅಂತ ಮಾವ ಕೇಳಿದ್ದಾರೆ, ಅದಕ್ಕೆ ಉತ್ತರ ಇಲ್ಲ. ಹದಿನೇಳು ಅಡಿ ಇನ್ನೂ ಎಷ್ಟು ಮಳೆಗಾಲ ಅಂತ ಅವರಿಗೆ ಎಕ್ಸೆಲ್ ಬೇಡ, ದಿನಾ ದಡದಲ್ಲಿ ನಡೆಯುವವರು. ಸದ್ಯಕ್ಕೆ ಒಪ್ಪಂದ ಇಷ್ಟು: ಜೂನಿನಿಂದ ಸೆಪ್ಟೆಂಬರ್‌ವರೆಗೆ ಇವರು ಕುದ್ರುವಿನಲ್ಲೇ ಇರುವುದು, ಅಕ್ಕನ ಫೋನ್ ಬಂದರೆ ಮಾವ ವಾದ ಮಾಡದೆ ದನ ಬಿಚ್ಚುವುದು. ಬೇಸಿಗೆಯಲ್ಲಿ, ಸಂಕ ಇರುವ ಆರು ತಿಂಗಳು, ನಾವು ಮೂವರೂ ಇಲ್ಲಿ. ಅದು ನಡೆಯುತ್ತದೋ ಇಲ್ಲವೋ ನೋಡಬೇಕು. ಎರಡು ಮನೆಯ ಖರ್ಚಿನ ಲೆಕ್ಕ ನಾನು ಇನ್ನೂ ಪೂರ್ತಿ ಹಾಕಿಲ್ಲ, ಹಾಕಲಿಕ್ಕೆ ಧೈರ್ಯ ಬರುತ್ತಿಲ್ಲ.

ಮೂಡುಬಿದಿರೆಗೆ ಹೊರಡುವ ಚೀಲ ಕಟ್ಟುವಾಗ ಇವರು ಇನ್ನೊಂದು ಸ್ಟೀಲ್ ಡಬ್ಬಿ ತಂದು ಬಟ್ಟೆಗಳ ನಡುವೆ ಇಟ್ಟರು. ಜೊತೆಗೆ ಒಂದು ಹೊಸ ಪುಸ್ತಕ. "ಎಂಟೂವರೆಗೆ. ಮಾವಿನ ಮರದ ಅಡಿ ಇಡ್ಬೇಡ" ಅಂದರು. ನಮ್ಮಮ್ಮನ ಅಂಗಳದಲ್ಲಿ ಮಾವಿನ ಮರ ಇಲ್ಲದ ಜಾಗ ಅಂದರೆ ತುಳಸಿಕಟ್ಟೆಯ ಪಕ್ಕ ಮಾತ್ರ. ಅಮ್ಮನನ್ನು ಹೇಗೆ ಒಪ್ಪಿಸುವುದು ಅಂತ ಯೋಚಿಸುತ್ತಿದ್ದೇನೆ.

ಬರುವ ಭಾನುವಾರ ಸಂಕ ಬಿಚ್ಚುತ್ತಾರೆ. ಮನೆಗೊಬ್ಬರು ಬರಬೇಕು, ಕಳೆದ ವರ್ಷ ನಾನು ಹಗ್ಗ ಸುತ್ತುವ ಕೆಲಸಕ್ಕೆ ನಿಂತಿದ್ದೆ. ಈ ಸಲ ಅದೂ ಬೇಡವಂತೆ, ಕೂತಲ್ಲಿಂದ ಚಾ ಮಾಡಿದರೆ ಸಾಕಂತೆ. ಹನ್ನೊಂದು ಮನೆಯವರಿಗೆ, ಎರಡು ಸಲ. ಹಾಲು ಸಾಕಾಗುತ್ತದೋ ಅಂತ ಅತ್ತೆ ಹಟ್ಟಿಯಿಂದ ಕೇಳುತ್ತಿದ್ದಾರೆ.